ಕೋವಿ ಕಟ್ಟುವ ಕೈಗಳು



ಬಂದೂಕಿಗೆ ನಮ್ಮ ಕಡೆ ಎಷ್ಟು ಹೆಸರುಗಳಿವೆ ಗೊತ್ತೇ? ಮಲೆನಾಡಿನಲ್ಲಿ ಕೋವಿ, ಹಳೆಯ ಕಥೆಗಳಲ್ಲಿ ತುಪಾಕಿ, ಮಂಗಳೂರಿನ ಕಡೆ ಬೆಡಿ, ಕೊಡವ ಭಾಷೆಯಲ್ಲಿ ತೋಕ್. ಅದರ ಉದ್ದನೆಯ ಕಬ್ಬಿಣದ ಕೊಳವೆಗೆ ನಳಿಗೆ ಎನ್ನುತ್ತಾರೆ. ನಳಿಗೆಯ ಬಾಯಿಂದ ಮದ್ದುಗುಂಡುಗಳನ್ನು ಒಳಕ್ಕೆ ಜಡಿಯುವ ಕೋಲು ಗಜ. ಒಂದು ಸಲ ಹಾರಿಸಿದರೆ ಒಂದು ಈಡು. ಕಾಡುಹಂದಿ, ಮಂಗಗಳಿಂದ ಗದ್ದೆ ತೋಟಗಳನ್ನು ಕಾಯಲು ನಮ್ಮ ಮಲೆನಾಡಿನ ರೈತರು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಕೋವಿಗಳಲ್ಲಿ ಬಹಳಷ್ಟು ಇಂಥವೇ. ಬಾಯಿಂದ ಮದ್ದು ತುಂಬಿ, ಹಿಂದಿನ ತುದಿಯಲ್ಲಿ ಪುಟ್ಟದೊಂದು ಕೇಪು ಇಟ್ಟು ಹಾರಿಸುವ ‘ಕೇಪಿನ ಕೋವಿ’. ಬಾಯಿಂದ ತುಂಬುವ ಈ ಜಾತಿಯ ಬಂದೂಕನ್ನೇ ಇಂಗ್ಲಿಷಿನವರು ‘ಮಜಲ್ ಲೋಡರ್’ ಎನ್ನುವುದು.

ಆದರೆ ಇವತ್ತು ನಾನು ಹೇಳಹೊರಟಿರುವುದು ನಮ್ಮೂರಿನ ಕೋವಿಯ ಕಥೆಯಲ್ಲ, ಅದರ ದೂರದ ನೆಂಟನ ಕಥೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ‘ಲಾಂಗ್ ರೈಫಲ್’ ಎಂಬ ನೀಳ ಕೋವಿಯನ್ನು ಅಲ್ಲಿ ಕೆಲವರು ಇಂದಿಗೂ ಕೈಯಿಂದಲೇ, ಒಂದೊಂದಾಗಿ ಕಟ್ಟುತ್ತಾರೆ. ನಮಗ್ಯಾಕೆ ಬೇಕು ಅಮೆರಿಕದ ಬಂದೂಕಿನ ಉಸಾಬರಿ ಎನ್ನಬೇಡಿ. ಕೊಲ್ಲುವ ಸಾಧನದ ಮೇಲಿನ ಮೋಹದಿಂದ ನಾನು ಇದನ್ನು ಬರೆಯುತ್ತಿಲ್ಲ. ಅಜ್ಜನ ಕಾಲಕ್ಕೆ ತುಂಡಾಗಿ ಹೋಗಲಿದ್ದ ಒಂದು ವಿದ್ಯೆಯನ್ನು ಮೊಮ್ಮಕ್ಕಳು ಹೇಗೆ ಮತ್ತೆ ಗಂಟು ಹಾಕಿಕೊಂಡರು ಎಂಬುದೇ ಇದರ ಸ್ವಾರಸ್ಯ. ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಿಮಗೆ ಅದು ತೀರಾ ಬೇರೆಯವರ ಕಥೆ ಅನ್ನಿಸಲಾರದು.

ವಲಸೆ ಬಂದವರ ಕೋವಿ

18ನೆಯ ಶತಮಾನದ ಆರಂಭದಲ್ಲಿ ಜರ್ಮನ್ ಮಾತನಾಡುವ ಜನ ಸಾವಿರಾರು ಸಂಖ್ಯೆಯಲ್ಲಿ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬಂದರು. ಅವರಲ್ಲಿ ಕೋವಿ ಮಾಡುವ ಕಮ್ಮಾರರೂ ಇದ್ದರು. ಅವರು ತಮ್ಮ ಜೊತೆ ತಂದದ್ದು ‘ಯೇಗರ್’ ಎಂಬ ಗಿಡ್ಡನೆಯ, ದಪ್ಪ ಗುಂಡಿನ ಬೇಟೆ ಕೋವಿ. ಯೇಗರ್ ಎಂದರೆ ಜರ್ಮನ್ ಭಾಷೆಯಲ್ಲಿ ಬೇಟೆಗಾರ. ಈ ಕೋವಿಯ ವಿಶೇಷವೆಂದರೆ ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ಗಾಡಿಗಳು. ಆ ಗಾಡಿಗಳಲ್ಲಿ ಹಾದು ಬರುವ ಗುಂಡು ಬುಗುರಿಯಂತೆ ತಿರುಗುತ್ತಾ ಹೊರಬೀಳುತ್ತದೆ. ತಿರುಗುವ ಬುಗುರಿ ಹೇಗೆ ವಾಲದೆ ನಿಲ್ಲುತ್ತದೋ ಹಾಗೆ ತಿರುಗುವ ಗುಂಡು ದಾರಿ ತಪ್ಪದೆ ಹೋಗುತ್ತದೆ. ಗಾಡಿ ಕೊರೆದ ಕೋವಿಗೇ ‘ರೈಫಲ್’ ಎಂದು ಹೆಸರು. ಗಾಡಿಯಿಲ್ಲದ ನುಣುಪು ನಳಿಗೆಯದು ಮಸ್ಕೆಟ್.

ಹೊಸ ನೆಲದಲ್ಲಿ ಮದ್ದು, ಸೀಸ ಎರಡೂ ತುಟ್ಟಿ. ಕಾಡಿನಲ್ಲಿ ವಾರಗಟ್ಟಲೆ ಅಲೆಯುವ ಬೇಟೆಗಾರ ಎಲ್ಲವನ್ನೂ ಹೆಗಲ ಮೇಲೆ ಹೊರಬೇಕು. ಹಾಗಾಗಿ ಲ್ಯಾಂಕ್ಯಾಸ್ಟರ್, ರೆಡಿಂಗ್, ಬೆತ್ಲೆಹೆಮ್ ಮೊದಲಾದ ಊರುಗಳ ಕಮ್ಮಾರರು ಗುಂಡನ್ನು ಸಣ್ಣದು ಮಾಡಿದರು, ನಳಿಗೆಯನ್ನು 42ರಿಂದ 46 ಅಂಗುಲದವರೆಗೆ ಉದ್ದ ಮಾಡಿದರು, ಮೈಯನ್ನು ತೆಳ್ಳಗೆ ಮಾಡಿದರು. ನೆಲಕ್ಕೆ ಊರಿ ನಿಲ್ಲಿಸಿದರೆ ಸುಮಾರು 5 ಅಡಿ. ಅಪ್ಪಂದಿರು ತಂದ ಜರ್ಮನ್ ವಿದ್ಯೆಗೆ ಅಲ್ಲಿನ ಇಂಗ್ಲಿಷ್ ಕೋವಿಗಳ ರೂಪರೇಷೆ ಬೆರೆಯಿತು. ಆದದ್ದು ಜರ್ಮನಿಯದೂ ಅಲ್ಲ, ಇಂಗ್ಲೆಂಡಿನದೂ ಅಲ್ಲ. ಆ ನೆಲದ್ದೇ ಆದ ಹೊಸ ವಸ್ತು.

ಸ್ವಾರಸ್ಯ ನೋಡಿ: ಇಳಕಲ್ಲಿನ ಸೆರಗು ಯಾವುದು, ಮೊಳಕಾಲ್ಮೂರಿನ ಅಂಚು ಯಾವುದು ಎಂದು ನಮ್ಮ ಅತ್ತಿಗೆ ನಾದಿನಿಯರು ದೂರದಿಂದಲೇ ಹೇಳುತ್ತಾರಲ್ಲ, ಹಾಗೆಯೇ ತಿಳಿದವರು ಕೋವಿಯ ಹಿಂಬದಿಯ ಬಾಗು, ಹಿತ್ತಾಳೆಯ ಮುಚ್ಚಳದ ಚಿತ್ತಾರ ನೋಡಿ ಇದು ಲ್ಯಾಂಕ್ಯಾಸ್ಟರಿನದು, ಇದು ರೆಡಿಂಗಿನದು ಎಂದು ಹೇಳಬಲ್ಲರು.

1777ರ ಸಾರಾಟೋಗ ಕಾಳಗದಲ್ಲಿ ಡೇನಿಯಲ್ ಮಾರ್ಗನ್ ಎಂಬ ದಂಡನಾಯಕನ ರೈಫಲ್ ಪಡೆ ಬ್ರಿಟಿಷರ ವಿರುದ್ಧ ಹೆಸರು ಮಾಡಿತು. 1815ರ ನ್ಯೂ ಆರ್ಲಿಯನ್ಸ್ ಕಾಳಗದ ಮೇಲೆ ಕಟ್ಟಿದ ಹಾಡೊಂದು ಜನಪ್ರಿಯವಾಗಿ, ಪೆನ್ಸಿಲ್ವೇನಿಯಾದ ಕೋವಿಗೆ ‘ಕೆಂಟಕಿ ರೈಫಲ್’ ಎಂಬ ಹೆಸರು ಅಂಟಿಕೊಂಡಿತು. ಆದರೆ ಒಂದು ಮಾತನ್ನು ಮರೆಮಾಚಬಾರದು. ವಲಸಿಗರು ಪಶ್ಚಿಮಕ್ಕೆ ಸರಿದಂತೆಲ್ಲ ಚೆರೋಕಿ, ಶಾನಿ ಮೊದಲಾದ ಮೂಲನಿವಾಸಿಗಳು ತಮ್ಮ ನೆಲ ಕಳೆದುಕೊಂಡರು. ಅದರಲ್ಲಿ ಈ ಕೋವಿಗೂ ಪಾಲಿದೆ. ಮೂಲನಿವಾಸಿಗಳೂ ಇದರ ಗಿರಾಕಿಗಳಾಗಿದ್ದರು ಎಂಬುದೂ ಅಷ್ಟೇ ನಿಜ. ಒಂದು ವಸ್ತು ಅಂದವಾಗಿದೆ ಎಂದ ಮಾತ್ರಕ್ಕೆ ಅದರ ಚರಿತ್ರೆಯೂ ಅಂದವಾಗಿರಬೇಕಿಲ್ಲ.

ಪಟ್ಟಿಯಿಂದ ನಳಿಗೆ

ಇನ್ನು ಕೋವಿ ಕಟ್ಟುವ ಕೆಲಸಕ್ಕೆ ಬರೋಣ. ಸಂಪೂರ್ಣ ಹಳೆಯ ಕ್ರಮದಲ್ಲಿ ಮಾಡುವವನು ಕಬ್ಬಿಣದ ಒಂದು ಉದ್ದನೆಯ ಪಟ್ಟಿಯಿಂದ ಶುರು ಮಾಡುತ್ತಾನೆ. ಕುಲುಮೆಯಲ್ಲಿ ಕಾಯಿಸಿ, ಮೆತ್ತಗಾದ ಪಟ್ಟಿಯನ್ನು ಒಂದು ಸರಳಿನ ಸುತ್ತ ಮಡಚುತ್ತಾನೆ. ಬಿಸಿ ಚಪಾತಿಯನ್ನು ಸುರುಳಿ ಸುತ್ತುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಆಮೇಲೆ ಎರಡು ಅಂಚುಗಳೂ ಕೂಡುವ ಜಾಗವನ್ನು ಬಿಳಿಕಾವು ಬರುವವರೆಗೆ ಕಾಯಿಸಿ ಸುತ್ತಿಗೆಯಿಂದ ಬಡಿದು ಬೆಸೆಯಬೇಕು. ಒಂದು ಸಲಕ್ಕೆ ಒಂದೆರಡು ಅಂಗುಲ ಮಾತ್ರ. ಕಾವು ಕಡಿಮೆಯಾದರೆ ಬೆಸುಗೆ ಕೂಡುವುದಿಲ್ಲ, ಹೆಚ್ಚಾದರೆ ಕಬ್ಬಿಣ ಸುಟ್ಟು ಕಿಡಿ ಉದುರುತ್ತದೆ. ಥರ್ಮಾಮೀಟರ್ ಇಲ್ಲ; ಬೆಂಕಿಯ ಬಣ್ಣವೇ ಅಳತೆ. ಕಾವಲಿಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ದೋಸೆ ಹೊಯ್ಯುವ ಹದ ತಿಳಿಯುವವರಿಗೆ ಈ ಮಾತು ಅರ್ಥವಾಗುತ್ತದೆ.

ಹೀಗೆ ಬೆಸೆದ ಕೊಳವೆ ಒಳಗೆಲ್ಲ ಒರಟು. ಅದನ್ನು ಕೊರೆಯುವ ಸಲಾಕೆಗಳಿಂದ ಮತ್ತೆ ಮತ್ತೆ ಕೊರೆದು, ಪ್ರತಿ ಸಲವೂ ಕೂದಲೆಳೆಯಷ್ಟು ಹಿಗ್ಗಿಸಿ ನುಣುಪು ಮಾಡಬೇಕು. ನಳಿಗೆ ನೆಟ್ಟಗಿದೆಯೇ ಎಂದು ನೋಡಲು ಹಳಬರು ಅದರೊಳಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ದಾರಕ್ಕೂ ಗೋಡೆಗೂ ನಡುವೆ ಸಂದು ಕಂಡ ಕಡೆ ಸೊಟ್ಟ ಇದೆ ಎಂದರ್ಥ. ಒಂದು ಏಟು ಕೊಟ್ಟು ಮತ್ತೆ ನೋಡುವುದು. ಹೊರಮೈಯನ್ನು ಅರದಿಂದ ಉಜ್ಜಿ ಎಂಟು ಪಟ್ಟಿಗೆ ತರುವುದು.

ಗಾಡಿ ಕೊರೆಯುವ ಯಂತ್ರವೂ ಮರದ್ದೇ. ದಪ್ಪನೆಯ ಒಂದು ಮರದ ದಿಂಡಿನ ಮೇಲೆ ಸುರುಳಿ ಸುರುಳಿಯಾಗಿ ಗಾಡಿ ತೆಗೆದಿರುತ್ತಾರೆ. ಅದನ್ನು ಎಳೆದಾಗ ತಾನೇ ತಿರುಗುತ್ತಾ ಬರುತ್ತದೆ. ಅದಕ್ಕೆ ಜೋಡಿಸಿದ ಸರಳಿನ ತುದಿಯಲ್ಲಿ ಗರಗಸದ ಹಲ್ಲಿನಂಥ ಒಂದು ಪುಟ್ಟ ಉಕ್ಕಿನ ಚೂರು. ದಿಂಡು ಹೇಗೆ ತಿರುಗುತ್ತದೋ ನಳಿಗೆಯೊಳಗೆ ಆ ಚೂರೂ ಹಾಗೆಯೇ ತಿರುಗುತ್ತಾ ಗೀರುತ್ತದೆ. ಒಂದು ಎಳೆತಕ್ಕೆ ಬರುವುದು ಚಿಟಿಕೆಗೂ ಸಾಲದಷ್ಟು ಪುಡಿ. ಕೊರೆತ ನಿಂತಾಗ ಆ ಚೂರಿನ ಅಡಿಗೆ ಒಂದು ಕಾಗದದ ತುಂಡು ಇಟ್ಟು ಎತ್ತರಿಸುತ್ತಾರೆ. ಮತ್ತೆ ಎಳೆಯುವುದು, ಮತ್ತೊಂದು ಕಾಗದ ಇಡುವುದು. ಇಂಥ ಏಳು ಗಾಡಿಗಳು ಸಾಮಾನ್ಯ. 48 ಅಂಗುಲಕ್ಕೆ ಒಂದು ಸುತ್ತು ಎಂಬುದು ಪ್ರಚಲಿತ ಲೆಕ್ಕ. ನೂರಾರು ಸಲ ಎಳೆಯುವ ಈ ಕೆಲಸದಲ್ಲಿ ಅವಸರಕ್ಕೆ ಎಡೆಯೇ ಇಲ್ಲ.

ಚಕಮಕಿಯ ಕುದುರೆ

ಎರಡನೆಯ ಭಾಗ ಬೆಂಕಿ ಹುಟ್ಟಿಸುವ ಚಾಪು. ಇದರಲ್ಲಿ ಕೇಪು ಇಲ್ಲ. ಅದು 19ನೆಯ ಶತಮಾನದಲ್ಲಿ ಬಂದದ್ದು. ಇಲ್ಲಿರುವುದು ಚಕಮಕಿ ಕಲ್ಲು. ಕಲ್ಲನ್ನು ಕಚ್ಚಿ ಹಿಡಿದ ‘ಕುದುರೆ’ ಮುಂದಕ್ಕೆ ಎರಗಿ ಎದುರಿನ ಉಕ್ಕಿನ ತಗಡಿಗೆ ಬಡಿಯುತ್ತದೆ. ಕಿಡಿಗಳು ಕೆಳಗಿನ ಪುಟ್ಟ ಬಟ್ಟಲಿಗೆ ಬೀಳುತ್ತವೆ. ಆ ಬಟ್ಟಲಿನಲ್ಲಿರುವ ನುಣ್ಣನೆಯ ಮದ್ದಿಗೆ ನಮ್ಮ ಹಳೆಯ ಕನ್ನಡದಲ್ಲಿ ರಂಜಕ ಎಂಬ ಚೆಂದದ ಹೆಸರಿದೆ. ರಂಜಕ ಹೊತ್ತಿದಾಗ ಅದರ ಉರಿ ನಳಿಗೆಯ ಬದಿಯ ಸಣ್ಣ ತೂತಿನೊಳಗೆ ನುಗ್ಗಿ ಒಳಗಿನ ಮದ್ದನ್ನು ಹೊತ್ತಿಸುತ್ತದೆ. ಇಷ್ಟೆಲ್ಲ ನಡೆಯುವುದು ರೆಪ್ಪೆ ಮುಚ್ಚಿ ತೆಗೆಯುವುದರೊಳಗೆ.

ಇದರ ಗುಟ್ಟೆಲ್ಲ ಉಕ್ಕಿನ ಹದದಲ್ಲಿದೆ. ಕುದುರೆಯನ್ನು ದೂಡುವ ಸ್ಪ್ರಿಂಗನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಾಜಿನಂತೆ ಗಡುಸಾಗುತ್ತದೆ. ಹಾಗೆಯೇ ಬಿಟ್ಟರೆ ಬಾಗಿಸಿದೊಡನೆ ಮುರಿಯುತ್ತದೆ. ಅದನ್ನು ಉಜ್ಜಿ ಹೊಳಪಿಸಿ, ಮತ್ತೆ ನಿಧಾನವಾಗಿ ಕಾಯಿಸಿ, ನೀಲಿ ಬಣ್ಣ ಬಂದಾಗ ನಿಲ್ಲಿಸಬೇಕು. ಆಗ ಬಾಗಿ ಮತ್ತೆ ಮೊದಲಿನಂತೆ ನಿಲ್ಲುವ ಗುಣ ಬರುತ್ತದೆ. ಕಿಡಿ ಕೊಡುವ ತಗಡು ಮಾತ್ರ ಗಡುಸಾಗಿಯೇ ಇರಬೇಕು, ಇಲ್ಲವಾದರೆ ಕಲ್ಲು ಎಷ್ಟು ಬಡಿದರೂ ಕಿಡಿ ಹಾರದು. ಒಂದೇ ಲೋಹ, ಆದರೆ ಒಂದೊಂದು ಕೆಲಸಕ್ಕೆ ಒಂದೊಂದು ಹದ.

ಮರದ ಮೈ

ಮೂರನೆಯದು ಮರ. ಅಲ್ಲಿನ ಕುಶಲಿಗಳಿಗೆ ಬಹಳ ಇಷ್ಟವಾದದ್ದು ಅಡ್ಡಡ್ಡ ಅಲೆಗಳಂಥ ನಾರಿರುವ ಮೇಪಲ್ ಮರ. ಕೊಯ್ದ ಹಲಗೆಯನ್ನು ವರ್ಷಗಟ್ಟಲೆ ನೆರಳಲ್ಲಿ ಒಣಗಿಸಿಡುತ್ತಾರೆ. ನಮ್ಮಲ್ಲಿ ಬಾಗಿಲು ಚೌಕಟ್ಟಿನ ಮರವನ್ನು ಒಣಗಿಸಿಡುತ್ತಿದ್ದಂತೆ.

ಕೋವಿ ಕೊಳ್ಳುವವನ ಮೈಯಳತೆ ಇಲ್ಲಿ ಮುಖ್ಯ. ತೋಳು ಎಷ್ಟು ಉದ್ದ, ಕೆನ್ನೆ ಎಲ್ಲಿ ಮರಕ್ಕೆ ತಾಗುತ್ತದೆ, ಕಣ್ಣು ನಳಿಗೆಯ ನೇರಕ್ಕೆ ಬರುತ್ತದೆಯೇ ಎಂದು ನೋಡಿ ಹಿಂಬದಿಯನ್ನು ಕೆತ್ತುತ್ತಾರೆ. ರೆಡಿಮೇಡ್ ಅಂಗಿಗೂ ಅಳತೆ ಕೊಟ್ಟು ಹೊಲಿಸಿದ ರವಿಕೆಗೂ ಇರುವ ವ್ಯತ್ಯಾಸ ಇಲ್ಲಿಯೂ ಇದೆ.

ನಳಿಗೆಯನ್ನೂ ಚಾಪನ್ನೂ ಮರದೊಳಗೆ ಕೂರಿಸುವ ಕೆಲಸವೇ ಇಡೀ ವಿದ್ಯೆಯ ತಿರುಳು. ಅದಕ್ಕೆ ಅವರು ಬಳಸುವುದೇನು ಗೊತ್ತೇ? ದೀಪದ ಕಾಡಿಗೆ! ಲೋಹದ ಭಾಗಕ್ಕೆ ಮಸಿ ಸವರಿ ಮರದ ಮೇಲೆ ಒತ್ತಿ ತೆಗೆಯುತ್ತಾರೆ. ಮರದಲ್ಲಿ ಎಲ್ಲಿ ಕಪ್ಪು ಮೆತ್ತಿತೋ ಅಲ್ಲಿ ಉಬ್ಬಿದೆ ಎಂದರ್ಥ. ಆ ಕಪ್ಪನ್ನಷ್ಟೇ ಉಳಿಯಿಂದ ಕೆರೆದು ಮತ್ತೆ ಮಸಿ ಸವರಿ ಒತ್ತುವುದು. ಲೋಹಕ್ಕೂ ಮರಕ್ಕೂ ನಡುವೆ ಕೂದಲು ತೂರದಷ್ಟು ಒಂದಾಗುವವರೆಗೆ ಹೀಗೆ ನೂರು ಸಲವಾದರೂ ಸರಿ. ಒಂದು ಸಲ ಹೆಚ್ಚು ಕೆರೆದರೆ ಮುಗಿಯಿತು. ಕೆತ್ತಿ ತೆಗೆದ ಮರ ಮತ್ತೆ ಅಂಟಿಕೊಳ್ಳುವುದಿಲ್ಲ.

ಆಮೇಲೆ ಹಿತ್ತಾಳೆಯ ಭಾಗಗಳು. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು ಅರ ಹಾಕಿ ಹೊಳಪಿಸುತ್ತಾರೆ. ಹಿಂಬದಿಯ ಪಕ್ಕದಲ್ಲಿ ಮುಚ್ಚಳವಿರುವ ಪುಟ್ಟ ಗೂಡೊಂದನ್ನು ಮಾಡಿ, ಗುಂಡಿಗೆ ಸುತ್ತುವ ಎಣ್ಣೆ ಬಟ್ಟೆಯನ್ನು ಅದರಲ್ಲಿ ಇಡುತ್ತಾರೆ. ಆ ಮುಚ್ಚಳದ ಮೇಲೆ ಬಳ್ಳಿ, ಹೂವುಗಳ ಕೆತ್ತನೆ. ಕೊನೆಗೆ ಮರಕ್ಕೆ ಕಬ್ಬಿಣ ಕರಗಿಸಿದ ಆಮ್ಲವನ್ನು ಬಳಿದು ಬೆಂಕಿಯ ಹತ್ತಿರ ಹಿಡಿದರೆ, ಬೆಳ್ಳಗಿದ್ದ ಮೇಪಲ್ ಕಣ್ಣೆದುರೇ ಜೇನಿನಂಥ ಕಂದು ಬಣ್ಣಕ್ಕೆ ತಿರುಗಿ ಒಳಗಿದ್ದ ಅಲೆಗಳೆಲ್ಲ ಎದ್ದು ಕಾಣುತ್ತವೆ. ಮೇಲೆ ಅಗಸೆ ಎಣ್ಣೆಯ ಲೇಪ. ಎಲ್ಲವನ್ನೂ ಒಬ್ಬನೇ ಕೈಯಿಂದ ಮಾಡಿದರೆ ಒಂದು ಕೋವಿಗೆ ನೂರಾರು ಗಂಟೆಗಳ ದುಡಿಮೆ.

ಇಲ್ಲೊಂದು ಎಚ್ಚರಿಕೆ. ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಯಾವ ಬಗೆಯ ಬಂದೂಕನ್ನು ಮಾಡುವುದೂ ಅಪರಾಧ. ಅಮೆರಿಕದ ಕೇಂದ್ರ ಕಾನೂನು 1968ರಿಂದ ಇಂಥ ಹಳೆಯ ಮಾದರಿಯ ಕೋವಿಗಳಿಗೆ ರಿಯಾಯಿತಿ ಕೊಟ್ಟಿರುವುದರಿಂದ ಅಲ್ಲಿ ಇದು ಹವ್ಯಾಸವಾಗಿ ಉಳಿದಿದೆ. ಆದ್ದರಿಂದ ಇದನ್ನು ಓದಿ ತಿಳಿಯಿರಿ, ಮಾಡಹೋಗಬೇಡಿ.

ತುಂಡಾಗಲಿದ್ದ ದಾರ

ಮೊದಲು ಕೇಪು ಬಂತು, ಆಮೇಲೆ ಹಿಂದಿನಿಂದ ತುಂಬುವ ತೋಟಾ ಬಂತು. ಕಾರ್ಖಾನೆಗಳು ಒಂದರಂತೆ ಒಂದು ಸಾವಿರಾರು ಬಂದೂಕುಗಳನ್ನು ಹೊರಹಾಕತೊಡಗಿದವು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ನಂತರ ಹಳ್ಳಿಯ ಕೋವಿ ಕಮ್ಮಾರನನ್ನು ಕೇಳುವವರು ಕಡಿಮೆಯಾದರು. ಮಕ್ಕಳು ಬೇರೆ ಕಸುಬು ಹಿಡಿದರು. ಅಪಲೇಚಿಯನ್ ಬೆಟ್ಟಗಳ ಒಳಹಳ್ಳಿಗಳಲ್ಲಿ ಮಾತ್ರ ಅಲ್ಲೊಬ್ಬ ಇಲ್ಲೊಬ್ಬ ಮುದುಕ ಅಜ್ಜನ ಉಪಕರಣಗಳನ್ನು ಇಟ್ಟುಕೊಂಡು ಕೆಲಸ ಮಾಡುತ್ತಿದ್ದ. ಟೆನೆಸಿಯ ಹ್ಯಾಕರ್ ಮಾರ್ಟಿನ್ 20ನೆಯ ಶತಮಾನದಲ್ಲಿಯೂ ಆ ದಾರ ಕಡಿಯದಂತೆ ಹಿಡಿದವರಲ್ಲಿ ಒಬ್ಬ.

1924ರಲ್ಲಿ ಡಿಲಿನ್ ಎಂಬಾತ ಈ ಕೋವಿಗಳ ಮೇಲೆ ಒಂದು ಪುಸ್ತಕ ಬರೆದ. 1933ರಲ್ಲಿ ಆಸಕ್ತರೆಲ್ಲ ಸೇರಿ ರಾಷ್ಟ್ರೀಯ ಮಜಲ್ ಲೋಡಿಂಗ್ ರೈಫಲ್ ಸಂಘ ಕಟ್ಟಿಕೊಂಡರು. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಸಣ್ಣ ಊರು ಅದರ ಕೇಂದ್ರ. ಆದರೂ ಹೆಚ್ಚಿನವರು ಕಾರ್ಖಾನೆಯ ನಳಿಗೆಯನ್ನೇ ಬಳಸುತ್ತಿದ್ದರು. ಪಟ್ಟಿಯಿಂದ ನಳಿಗೆ ಮಾಡುವುದು ಬಹುಮಟ್ಟಿಗೆ ಕೇಳಿದ ಮಾತಾಗಿತ್ತು, ಕೈಗೆ ಬರುವ ವಿದ್ಯೆಯಾಗಿರಲಿಲ್ಲ. 1960ರ ದಶಕದಲ್ಲಿ ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಎಂಬ ವಸ್ತುಸಂಗ್ರಹಾಲಯದ ಊರಿನಲ್ಲಿ ವ್ಯಾಲೇಸ್ ಗಸ್ಲರ್ ಎಂಬ ತರುಣ ಹಳೆಯ ಕೋವಿಗಳನ್ನೂ ಹಳೆಯ ಉಪಕರಣಗಳನ್ನೂ ಗುರುವಾಗಿಟ್ಟುಕೊಂಡು ಪಟ್ಟಿಯಿಂದ ಹಿಡಿದು ಕೊನೆಯ ತಿರುಪಿನವರೆಗೆ ಇಡೀ ಕೋವಿಯನ್ನು ಕೈಯಿಂದಲೇ ಮಾಡಿ ತೋರಿಸಿದ. ಅದನ್ನು 1969ರಲ್ಲಿ ‘ಗನ್‌ಸ್ಮಿತ್ ಆಫ್ ವಿಲಿಯಮ್ಸ್‌ಬರ್ಗ್’ ಎಂಬ ಚಿತ್ರವಾಗಿ ತೆಗೆದರು. ಅದನ್ನು ನೋಡಿ ಎಷ್ಟೋ ಹುಡುಗರು ಉಳಿ ಹಿಡಿದರು.

ಇದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು ಪ್ರಸಂಗ. ಜಾರ್ಜಿಯಾ ರಾಜ್ಯದ ಬೆಟ್ಟಗಳ ನಡುವಿನ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಪಾಠ ತಲೆಗೆ ಹತ್ತುತ್ತಿರಲಿಲ್ಲ. 1966ರಲ್ಲಿ ಅವರು ‘ಫಾಕ್ಸ್‌ಫೈರ್’ ಎಂಬ ಒಂದು ಪತ್ರಿಕೆಯನ್ನು ಶುರು ಮಾಡಿದರು. ಅದರಲ್ಲಿ ಬರೆಯಬೇಕಾದ್ದು ಏನು? ಮನೆಯ ಅಜ್ಜ ಅಜ್ಜಿಯರನ್ನು, ಊರಿನ ಮುದುಕರನ್ನು ಕಂಡು, ಟೇಪ್ ರೆಕಾರ್ಡರ್ ಹಿಡಿದು ಕೇಳಿ ಬಂದದ್ದು. ಸಾಬೂನು ಮಾಡುವುದು, ಮರದ ಮನೆ ಕಟ್ಟುವುದು, ಗಿಡಮೂಲಿಕೆ, ದೆವ್ವದ ಕಥೆ ಎಲ್ಲವೂ ಬಂತು. ಅದು 1972ರಿಂದ ಪುಸ್ತಕವಾಗಿ ಮನೆಮನೆ ಸೇರಿತು. 1979ರಲ್ಲಿ ಬಂದ 5ನೆಯ ಸಂಪುಟದಲ್ಲಿ ಕಬ್ಬಿಣ ಕರಗಿಸುವುದು, ಕಮ್ಮಾರಿಕೆ, ಚಕಮಕಿ ಕೋವಿ ಕಟ್ಟುವುದು ಇವುಗಳ ವಿವರಗಳೆಲ್ಲ ಇವೆ. ಮುದುಕರ ಮಾತನ್ನು ಅವರ ಆಡುನುಡಿಯಲ್ಲೇ ಬರೆದುಕೊಂಡವರು ಹದಿನಾರು ಹದಿನೇಳರ ಮಕ್ಕಳು!

ಈಗ ಅಲ್ಲಿ ಕಂಪ್ಯೂಟರಿನಿಂದ ಓಡುವ ಯಂತ್ರದಲ್ಲಿ ಕೆತ್ತಿದ ಮರ, ಸಿದ್ಧ ನಳಿಗೆ, ಸಿದ್ಧ ಚಾಪು ಇರುವ ಕಿಟ್ಟುಗಳು ಸಿಗುತ್ತವೆ. ಹೆಚ್ಚಿನವರು ಅದರಿಂದಲೇ ಆರಂಭಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಸಿದ್ಧ ದೋಸೆ ಹಿಟ್ಟು ತಂದು ದೋಸೆ ಹೊಯ್ಯುವವಳು ಮುಂದೊಂದು ದಿನ ತಾನೇ ಅಕ್ಕಿ ಉದ್ದು ನೆನೆಸಬಹುದು. ಒಲೆಯ ಮುಂದೆ ನಿಂತರಲ್ಲವೇ ಆ ಆಸೆ ಹುಟ್ಟುವುದು?

ನಮ್ಮ ಮನೆಯ ಗೋಡೆಗಳಲ್ಲಿ

ನಮ್ಮ ನಾಡಿನಲ್ಲಿ ಕೋವಿಯ ವಿದ್ಯೆ ಇರಲಿಲ್ಲವೇ? ಇತ್ತು. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾದ, ಹುಲಿಮುಖದ ಕೆತ್ತನೆಯ ಚಕಮಕಿ ಕೋವಿಗಳು ಹೆಸರಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳಲ್ಲಿ ಹಲವು ಬ್ರಿಟನ್ನಿಗೆ ಹೋದವು. ಕೊಡಗಿನಲ್ಲಿ ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಮನೆಯ ಕೋವಿಗಳನ್ನು ತೊಳೆದು, ಸಾಲಾಗಿ ಇಟ್ಟು, ‘ತೋಕ್ ಪೂ’ ಎಂಬ ಕೆಂಪು ಹಳದಿಯ ಹೂವು ಮುಡಿಸಿ ಪೂಜಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಬೆನ್ನು ಬೆನ್ನಿಗೆ ಎರಡು ಈಡು ಹಾರಿಸುವುದು ಅಲ್ಲಿನ ಪದ್ಧತಿ. ಈಡಿನ ಲೆಕ್ಕದಿಂದಲೇ ಊರಿಗೆ ಸುದ್ದಿ. ಕೊಡವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 10 ವರ್ಷ ಮುಂದುವರಿಸಿದೆ.

ಹಬ್ಬ ಉಳಿದಿದೆ, ವಸ್ತುವೂ ಅಲ್ಲಲ್ಲಿ ಉಳಿದಿದೆ. ಆದರೆ ಅಂಥ ನಳಿಗೆಯನ್ನು ಹೊಡೆದ ಕಮ್ಮಾರ, ಮರ ಕೂರಿಸಿದ ಆಚಾರಿ ಯಾರು, ಬೆಂಕಿಯ ಹದ ಹೇಗೆ ನೋಡುತ್ತಿದ್ದರು, ಒಂದೊಂದು ಉಪಕರಣಕ್ಕೂ ಏನು ಹೆಸರು? ಇದನ್ನೆಲ್ಲ ಕೂತು ಕೇಳಿ ಬರೆದುಕೊಂಡವರು ಬಹಳ ಕಡಿಮೆ. ಕೋವಿಯ ಮಾತು ಬಿಡಿ. ಗಾಣ, ಏತ, ಮಗ್ಗ, ನಿಮ್ಮ ಅಜ್ಜಿ ಸೇವಿಗೆ ಒತ್ತುತ್ತಿದ್ದ ಮರದ ಒರಳು, ಇವುಗಳ ಗತಿಯೂ ಅದೇ. ವಸ್ತುವಿನ ಹಿಂದೆಯೇ ಅದರ ಮಾತುಗಳೂ ಹೋಗುತ್ತವೆ. ನಳಿಗೆ, ಗಜ, ರಂಜಕ, ಈಡು ಎಂಬ ಮಾತುಗಳು ಪದಕೋಶದಲ್ಲಿ ಇದ್ದರೆ ಸಾಲದು. ಯಾರಾದರೂ ಅವನ್ನು ಬಾಯಲ್ಲಿ ಆಡಬೇಕು.

ನಿಮ್ಮಲ್ಲಿ ಕೆಲವರು, ‘ನಮಗೆ ಕನ್ನಡ ಸರಿಯಾಗಿ ಬರುವುದಿಲ್ಲ, ಊರಿನ ನಂಟೂ ಇಲ್ಲ, ನಮ್ಮಿಂದೇನಾದೀತು?’ ಎನ್ನುತ್ತೀರಿ. ಪೆನ್ಸಿಲ್ವೇನಿಯಾದ ಆ ಕಮ್ಮಾರರ ಮಕ್ಕಳೂ ಜರ್ಮನಿಯನ್ನು ಕಂಡವರಲ್ಲ. ಫಾಕ್ಸ್‌ಫೈರ್ ಮಕ್ಕಳು ಪಂಡಿತರಲ್ಲ. ಅವರು ಮಾಡಿದ್ದು ಮೂರೇ ಕೆಲಸ: ಹಳೆಯ ವಸ್ತುವನ್ನು ಕಣ್ಣಿಟ್ಟು ನೋಡಿದರು, ತಿಳಿದವರು ಬದುಕಿರುವಾಗಲೇ ಕೇಳಿದರು, ಕೇಳಿದ್ದನ್ನು ಕೈಯಿಂದ ಮಾಡಿ ನೋಡಿದರು. ಮೂರರಲ್ಲಿ ಒಂದು ಬಿಟ್ಟರೂ ದಾರ ಕೂಡುವುದಿಲ್ಲ.

ನೋಡಲು ನೀವು ದೂರ ಹೋಗಬೇಕಿಲ್ಲ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ, ಚೆನ್ನೈನ ಎಗ್ಮೋರ್ ಮ್ಯೂಸಿಯಂಗಳಲ್ಲಿ ಹಳೆಯ ಆಯುಧಗಳಿವೆ. ಮುಂದಿನ ಸಲ ಹೋದಾಗ ಗಾಜಿನ ಮುಂದೆ ಎರಡು ನಿಮಿಷ ಹೆಚ್ಚು ನಿಂತು, ಕುದುರೆ ಎಲ್ಲಿದೆ, ಬಟ್ಟಲು ಎಲ್ಲಿದೆ, ಗಜ ಎಲ್ಲಿ ಸಿಕ್ಕಿಸಿದೆ ಎಂದು ಹುಡುಕಿ. ಕೇಳುವುದಕ್ಕೆ ಬೇಸಿಗೆ ರಜೆ ಇದೆ. ಊರಿಗೆ ಹೋದಾಗ ಮೊಬೈಲಿನ ಕ್ಯಾಮೆರಾವನ್ನು ತೋಟದ ಕಡೆಗಷ್ಟೇ ಅಲ್ಲ, ಅಜ್ಜನ ಕೈಗಳ ಕಡೆಗೂ ತಿರುಗಿಸಿ. ‘ಇದಕ್ಕೆ ಏನನ್ನುತ್ತಾರೆ ಅಜ್ಜ? ಇದನ್ನು ಹೇಗೆ ಮಾಡುತ್ತಿದ್ದಿರಿ?’ ಎಂದು ಕೇಳಿ. ಅವರು ಹೇಳಿದ ಮಾತನ್ನು ಅವರು ಹೇಳಿದಂತೆಯೇ ಬರೆದಿಡಿ. ಕಾಗುಣಿತ ತಪ್ಪಾದರೆ ಆಗಲಿ, ತಿದ್ದಲು ನಾವಿದ್ದೇವೆ. ಹೇಳುವ ಅಜ್ಜ ಮಾತ್ರ ಯಾವಾಗಲೂ ಇರುವುದಿಲ್ಲ.